ಸಹಾಯ ಬೇಕು: ರೈಲು ನಿಲ್ದಾಣದ ಮಳಿಗೆಯ ವಿರುದ್ಧ ದೂರು ಯಾರ ಹೆಸರಿಗೆ ಕೊಡಬೇಕು?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಕಳೆದ ಭಾನುವಾರ ಅಮ್ಮನ ಜೊತೆ ಬೆಂಗಳೂರಿನಿಂದ ಊರಿಗೆ ಬರುವಾಗ, ದಾರಿಯ ಒಂದು ನಿಲ್ದಾಣದಲ್ಲಿ ಇಳಿದು ದೊಡ್ಡ ಕಂಪನಿಯ ಫಲಕವಿದ್ದ ಮಳಿಗೆಯಲ್ಲಿ ಎರಡು ಪಫ್ಸ್, ಒಂದು ಬಾಟಲಿ ನೀರು ಕೊಂಡೆ. ಬಾಟಲಿಯ ಮೇಲೆ ಅಚ್ಚಾಗಿರುವುದು 14 ರೂಪಾಯಿ, ತೆಗೆದುಕೊಂಡದ್ದು 20. ಬಿಲ್ ಕೇಳಿದರೆ "ಯಂತ್ರ ಕೆಟ್ಟಿದೆ, ರೈಲು ಹೊರಡುತ್ತದೆ, ಹೋಗಿ ಸಾರ್" ಎಂದರು. ಬೋಗಿಯಲ್ಲಿ ಕುಳಿತು ಪಫ್ಸ್ ಮುರಿದರೆ ಒಳಗಿನ ಆಲೂಗಡ್ಡೆ ಪಲ್ಯ ನೂಲುನೂಲಾಗಿ ಎಳೆಯಿತು, ಹುಳಿ ವಾಸನೆ ಮೂಗಿಗೆ ಬಡಿಯಿತು. ಸಕ್ಕರೆ ಕಾಯಿಲೆಯ ಅಮ್ಮ ಆಗಲೇ ಮಾತ್ರೆ ನುಂಗಿದ್ದರು. ಎದುರಿನ ಸೀಟಿನ ಅಜ್ಜಿ ಕೊಟ್ಟ ಎರಡು ಬಾಳೆಹಣ್ಣೇ ಗತಿಯಾಯಿತು. ಆರು ರೂಪಾಯಿಯ ಮಾತು ಬಿಡಿ, ಪ್ರಯಾಣಿಕರ ಆತುರವನ್ನೇ ಬಂಡವಾಳ ಮಾಡಿಕೊಂಡಿರುವುದು ಹೊಟ್ಟೆ ಉರಿಸುತ್ತದೆ.

ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಕಂಪನಿಗೆ ಬರೆದರೆ, ಮಳಿಗೆ ನಡೆಸುವವರು ಬೇರೆ ಪರವಾನಗಿದಾರರು ಎನ್ನುತ್ತಾರೆ. ಆ ಪರವಾನಗಿದಾರರ ಹೆಸರು ಫಲಕದಲ್ಲಿ ಎಲ್ಲಿಯೂ ಇರಲಿಲ್ಲ. ನನ್ನ ಬಳಿ ಇರುವುದು ಖಾಲಿ ಬಾಟಲಿ, ಪಫ್ಸ್‌ನ ಫೋಟೊ, ಮೊಬೈಲ್ ಪಾವತಿಯ ವಿವರ. ಹಣ ಹೋಗಿರುವುದು ಯಾರೋ ಒಬ್ಬ ವ್ಯಕ್ತಿಯ ಖಾತೆಗೆ!

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಗಾಗಿ ಇಲ್ಲಿನ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬೇಕೆಂದಿದ್ದೇನೆ. ಕಂಪನಿ, ಪರವಾನಗಿದಾರ, ರೈಲ್ವೆ ಮೂವರನ್ನೂ ಎದುರುದಾರರನ್ನಾಗಿ ಮಾಡಬೇಕೆ? ಪರವಾನಗಿದಾರರ ಹೆಸರು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯನ್ನು ಯಾವ ಕಚೇರಿಗೆ ಹಾಕಬೇಕು? ಬಿಲ್ ಇಲ್ಲದೆ ಪಾವತಿಯ ವಿವರವೊಂದೇ ಸಾಕಾಗುತ್ತದೆಯೆ? ಇಂಥ ದೂರು ಕೊಟ್ಟು ಅನುಭವವಿದ್ದವರು ದಯವಿಟ್ಟು ತಿಳಿಸಿ. ವಕೀಲರಿದ್ದರೆ ನಾನೇ ಬಂದು ಭೇಟಿಯಾಗುತ್ತೇನೆ.