ಎರಡು ಹಗ್ಗ, ಒಂದೇ ಗೂಟ

ಒಗ್ಗರಣಿ-ಮಿರ್ಚಿ ಬರೂತನಕ ಸಾವ್ಕಾರ್ರು ತಡೀಲಿಲ್ಲ.

"ಮಾಸ್ತರ, ಎರಡು ಕಂಪನಿ ನೆಟ್ ಹಾಕ್ಸೀನಿ. ನಿನ್ನಿ ಜೆಸಿಬಿ ತಾಕಿ ಎರಡೂ ಒಮ್ಮೆಗೇ ಹೋದ್ವು!"

"ವೈರು ಯಾವ ಕಂಬದ ಮ್ಯಾಲಿಂದ ಬಂದಾವ್ರಿ?"

"ಎರಡೂ ಅದ ಬೇವಿನಗಿಡದ ಕಂಬ."

"ಎತ್ತಿಗೆ ಎರಡು ಹಗ್ಗ ಕಟ್ಟೀರಿ, ಗೂಟ ಒಂದ. ಇದನ್ನ ಊರ ಮಂದಿ ಎಲ್ಲಾ ಮಾಡಾಕತ್ಯಾರ."

ವಕೀಲ್ರು ನಡುವ ಬಂದ್ರು. "ಆದ್ರೂ 100 ಎಂಬಿಪಿಎಸ್ ಎರಡು ಕೂಡಿದ್ರ 200 ಅಲ್ಲೇನು?"

"ಒಂದು ಫೈಲು ಹೆಚ್ಚಾಗಿ ಒಂದ ಲೈನಿನ್ಯಾಗ ಇಳೀತದ್ರಿ. ಲೋಡ್ ಬ್ಯಾಲೆನ್ಸ್, ಅಂದ್ರ ಎರಡೂ ಲೈನಿಗೆ ಕೆಲಸ ಹಂಚೋದು, ಹಚ್ಚಿದ್ರ ಬ್ಯಾಂಕಿನ ಸೈಟು ಒಮ್ಮೆ ಈ ಲೈನಿನ ವಿಳಾಸ, ಅಂದ್ರ ಐಪಿ, ಒಮ್ಮೆ ಆ ಐಪಿ ನೋಡಿ, ಇಂವ ಕಳ್ಳ ಅಂತ ಹೊರಗ ಹಾಕಬಹುದು. ಮನಿಗೆ ಫೇಲ್‌ಓವರ್ ಸಾಕು, ಒಂದು ಲೈನ್ ಹೋದ್ರ ಇನ್ನೊಂದು ಏಳೋದು."

"ಹಚ್ಚೀನೋ!" ಅಂದ್ರು ಸಾವ್ಕಾರ್ರು. "ಹೋದ ವಾರ ಕಂಬ ನೆಟ್ಟಗಿತ್ತು, ಮೊದಲ್ನೇದು ಹೋತು, ಆದ್ರೂ ಎರಡನೇದು ಏಳಲಿಲ್ಲ."

"ರೂಟರ್ ಪಿಂಗ್ ಮಾಡೋದು ಯಾರಿಗೆ? ಕಂಪನಿ ಬಾಗಲಿಗೆ, ಅಂದ್ರ ಗೇಟ್‌ವೇಗೆ. 'ಅದೀಯೇನಪ್ಪಾ?' ಅಂದ್ರ ಅದು 'ಅದೀನಿ' ಅಂತದ. ಅದರಾಚೆ ದಾರಿ ಕಡದ್ರ ಅದಕ್ಕೇನು? ಹೊರಗಿನ ಗೂಗಲ್ಲಿನ 8.8.8.8, ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಎರಡನ್ನೂ ಕೇಳಸ್ರಿ, ಐದು ಸೆಕೆಂಡಿಗೊಮ್ಮೆ. ಮೂರು ಸಲ ಎರಡೂ ಸುಮ್ಮನಿದ್ರ ಲೈನ್ ಬದಲಿ. ಮೊದಲ್ನೇದು ಬಂತಂತ ತಟ್ಟನ ತಿರುಗಬಾರದು, ಎರಡು ನಿಮಿಷ ನೋಡಬೇಕು. ಇಲ್ಲಾಂದ್ರ ತವರಿಗೂ ಅತ್ತಿಮನಿಗೂ ತಿರುಗಿದಂಗ. ಡಿಎನ್‌ಎಸ್, ಅಂದ್ರ ಸೈಟಿನ ಹೆಸರಿಗೆ ವಿಳಾಸ ಹುಡುಕೋ ಸೇವೆ, ಮೊದಲ್ನೇ ಕಂಪನೀದ ಇಟ್ಟಿದ್ರ ಅದೂ ಒಂದು ಗೂಟ."

"ಬದಲಿ ಆಗುವಾಗ ವಿಡಿಯೋ ಕಾಲ್ ಕಡೀತದಲ್ಲೋ?"

"ಐಪಿ ಬದಲಾಗ್ತದ, ಕಡಿಯೋದ. ಕಡೀಬಾರದಂದ್ರ ಬಿಜಿಪಿ, ಎರಡೂ ಕಂಪನಿ ಮ್ಯಾಲ ನಿಮ್ಮ ಸ್ವಂತ ವಿಳಾಸ ಸಾರೋ ಪದ್ಧತಿ. ಸ್ವಂತ ಎಎಸ್ ನಂಬರ್, ಅಂದ್ರ ನೆಟ್‌ವರ್ಕಿನ ಗುರುತಿನ ನಂಬರ್, ಕಡಿಮಿ ಅಂದ್ರ 256 ಐಪಿ ವಿಳಾಸ ಬೇಕು."

"ಮನ್ಯಾಗ ನಾವಿಬ್ಬರ ಇರೋದು!"

"ಅದಕ್ಕ ಒಂದು ಫೈಬರ್ ಬಿಡಸ್ರಿ, ಸಿಮ್ ಹಾಕೋ 4ಜಿ ರೂಟರ್ ಇಡ್ರಿ. ಬೇವಿನಗಿಡದ ಹಂಗಿಲ್ಲ."

"ಕರೆಂಟ್ ಹೋದ್ರ?" ವಕೀಲ್ರಂದ್ರು.

"ಅದ ಎಲ್ಲಕ್ಕಿಂತ ದೊಡ್ಡ ಗೂಟ. ಶಕ್ತಿನಗರದಾಗ ಕರೆಂಟ್ ತಯಾರಾಗಿ ನಾಡಿಗೆಲ್ಲಾ ಹೋಗ್ತದ, ನಮ್ಮ ಓಣಿ ದಾರಿ ಮಾತ್ರ ಮರೀತದ. ರೂಟರಿಗೆ ಹಚ್ಚೋ ಸಣ್ಣ ಬ್ಯಾಟರಿ, ಡಿಸಿ ಯುಪಿಎಸ್ ಅಂತಾರ, ತಗೋರಿ. ಹೆಚ್ಚಿನ ರೂಟರು 12 ವೋಲ್ಟಿನವ, ಆದ್ರೂ ಅಡಾಪ್ಟರ್ ಮ್ಯಾಲ ವೋಲ್ಟು, ಆಂಪಿಯರ್ ಓದ್ರಿ. ರೂಟರಿಗೊಂದ ಹಚ್ಚಿ ಫೈಬರ್ ಡಬ್ಬಿ ಮರತ್ರ ವೈಫೈ ಗುರುತು ತುಂಬ ಇರ್ತದ, ನೆಟ್ ಇರಂಗಿಲ್ಲ."

ಸಾವ್ಕಾರ್ರು ಮಿರ್ಚಿ ತೊಟ್ಟು ಮುರಕೋತ ಕೂತ್ರು. "ಮೊಮ್ಮಗ ಬೆಂಗಳೂರಿಂದ ಬಂದಾನೋ. ನೆಟ್ ಇಲ್ಲಂದ್ರ ಬರಲ್ಲ ಅಂದಿದ್ದ. ಅದಕ್ಕ ಎರಡು ಹಾಕ್ಸಿದ್ದು."

"ನಿನ್ನಿ ಸಿಟ್ಟಿಗೆದ್ನೇನ್ರಿ?"

"ಅರ್ಧ ತಾಸು. ಆಮ್ಯಾಲ ಕಟ್ಟಿ ಮ್ಯಾಲ ಬಂದು ಚೌಕಾಬಾರ ಆಡ್ದ, ಕತ್ತಲಾಗೂತನಕ. ನಾನ ಸೋತೆ."

ಚಹಾ ಬಂತು. ಮಾಸ್ತರ್ರು ಚೀಟಿ ತಗದು ಯುಪಿಎಸ್ ಅಂತ ಬರಿಯಾಕ ಹೋದ್ರು.

"ಅದನ್ನ ಅಂವ ಹೋದ ಮ್ಯಾಲ ನೋಡೋಣಂತ ಬಿಡು," ಅಂದ್ರು ಸಾವ್ಕಾರ್ರು.