ನಿನ್ನ ಮೆಷಿನ್ನಿನ ವೀಲ್ ಒಡೆಯುತ್ತಿರುವುದು ಏಕೆ

ಮಗಾ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗುಂಪಿಗೆ ಹಾಕಿದ ವಿಡಿಯೊವನ್ನು ನಾಲ್ಕು ಸಲ ನೋಡಿದೆ. ಹೊಸ ಶೆಡ್ಡು, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ, ಕಬ್ಬಿಣ ಕತ್ತರಿಸುವ 14 ಇಂಚಿನ ಕಟಿಂಗ್ ಮೆಷಿನ್, ಮೊದಲ ಗೇಟಿನ ಆರ್ಡರು. ಎಲ್ಲರೂ ಹಾರೈಸಿದ್ದಾರೆ, ನನಗೂ ಬಹಳ ಸಂತೋಷವಾಗಿದೆ. ಆದರೆ ಹದಿನೈದು ದಿನಗಳಲ್ಲಿ ಕತ್ತರಿಸುವ ವೀಲ್ ಎರಡು ಒಡೆದವು, ವೀಲಿನ ಕಂಪನಿ ಬದಲಿಸಬೇಕೇ ಎಂದು ನೀನು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ವಾಯ್ಸ್ ಮೆಸೇಜಿನಲ್ಲಿ ಹೇಳಲು ಹೊರಟವನು, ನೀನು ಶೆಡ್ಡಿನಲ್ಲಿ ನಿಂತು ಮತ್ತೆ ನೋಡಿಕೊಳ್ಳಬೇಕಾದ ಮಾತುಗಳೆಂದು ಬರೆದೇ ಕಳುಹಿಸುತ್ತಿದ್ದೇನೆ.

ಕಂಪನಿಯ ದೋಷವಲ್ಲ. ವಿಡಿಯೊದಲ್ಲಿ ನಿನ್ನ ಎಡಗಡೆ ನಿಂತಿರುವ ಹುಡುಗನ ಕೈಯನ್ನು ನೋಡು. ಪೈಪಿನ ಒಂದು ಬದಿ ಮೆಷಿನ್ನಿನ ವೈಸಿನಲ್ಲಿ, ಅಂದರೆ ಕಚ್ಚಿ ಹಿಡಿಯುವ ಇಕ್ಕಳದಲ್ಲಿ, ಬಿಗಿಯಾಗಿದೆ, ಸರಿ. ಕತ್ತರಿಸಿ ಬೀಳಬೇಕಾದ ಇನ್ನೊಂದು ಬದಿಯನ್ನು ಅವನು ಹಿಡಿದುಕೊಂಡು, ನಿನಗೆ ಸಹಾಯವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದ ಸ್ವಲ್ಪ ಮೇಲಕ್ಕೆತ್ತುತ್ತಿದ್ದಾನೆ. ವೀಲ್ ಮೇಲಿನಿಂದ ಕೆಳಗೆ ಇಳಿಯುತ್ತದೆ. ಆ ತುದಿಯನ್ನು ಎತ್ತಿದರೆ ಕತ್ತರಿಸಿದ ಸೀಳಿನ ಮೇಲ್ಭಾಗ ಮುಚ್ಚಿಕೊಂಡು, ಒಳಗಿರುವ ವೀಲನ್ನು ಎರಡೂ ಕಡೆಯಿಂದ ಹಿಂಡುತ್ತದೆ. ಸುಮಾರು 3 ಮಿಲಿಮೀಟರ್ ದಪ್ಪದ ಆ ವೀಲ್ ಅಂಚಿನಿಂದ ಕತ್ತರಿಸುವುದಕ್ಕಾಗಿ ಮಾಡಿದ್ದು, ಪಕ್ಕದಿಂದ ಬರುವ ಒತ್ತಡವನ್ನು ಅದು ತಡೆಯುವುದಿಲ್ಲ. ಮೆಷಿನ್ ಒಮ್ಮೆ ಗುರ್ ಎಂದು ಉಸಿರುಗಟ್ಟಿದಂತೆ ನಿಂತದ್ದು ವಿಡಿಯೊದಲ್ಲೇ ಕೇಳಿಸುತ್ತದೆ. ಆ ಸಲ ವೀಲ್ ಒಡೆಯದೆ ಉಳಿದದ್ದು ನಿಮ್ಮಿಬ್ಬರ ಪುಣ್ಯ. ವೈಸಿನ ಕಡೆಗೆ ಚಾಚಿಕೊಂಡಿರುವ ಉದ್ದನೆಯ ಪೈಪಿಗೆ ಮಾತ್ರ ಮೆಷಿನ್ನಿನ ತಳದಷ್ಟೇ ಎತ್ತರದ ಸ್ಟ್ಯಾಂಡ್ ಕೊಡು. 20 ಅಡಿಯ ಪೈಪಿಗೆ ಎರಡು ಸ್ಟ್ಯಾಂಡ್ ಬೇಕು. ಬೀಳುವ ತುಂಡನ್ನು ಯಾರೂ ಹಿಡಿಯಬಾರದು, ಅದರ ತುದಿಗೆ ಇಟ್ಟಿಗೆಯನ್ನೂ ಇಡಬಾರದು, ಅದು ತಾನಾಗಿ ಕೆಳಗೆ ಬೀಳಲಿ. ಆ ಹುಡುಗನನ್ನು ದೂರ ನಿಲ್ಲಿಸು.

ಎರಡನೆಯ ಕಾರಣವೂ ವಿಡಿಯೊದ ಕೊನೆಯಲ್ಲಿದೆ. ಪೈಪ್ ತುಂಡಾದ ಮೇಲೆ ಅದರ ಬಾಯಿಯಲ್ಲಿ ಎದ್ದ ಚೂಪನ್ನು ತೆಗೆಯಲು ನೀನು ತಿರುಗುತ್ತಿರುವ ವೀಲಿನ ಪಕ್ಕಕ್ಕೆ ಒತ್ತಿ ಉಜ್ಜಿದೆ. ಇದು ನಮ್ಮ ಕಸುಬಿನಲ್ಲಿ ನೂರಾರು ಜನರಿಗಿರುವ ಅಭ್ಯಾಸ, ನನಗೂ ಇತ್ತು. ಹೀಗೆ ಉಜ್ಜಿದಾಗ ಒಳಗಿನ ಫೈಬರ್ ಜಾಲರಿ ಸವೆದು, ವೀಲ್ ಅಂದು ಒಡೆಯದಿದ್ದರೂ ಮುಂದಿನ ಪೈಪಿಗೆ ಒಡೆಯುತ್ತದೆ. ಚೂಪು ತೆಗೆಯಲು ಅರ ಇದೆ, ಗ್ರೈಂಡರಿಗೆ ಹಾಕುವ ದಪ್ಪನೆಯ ಗ್ರೈಂಡಿಂಗ್ ವೀಲ್ ಇದೆ.

ಇನ್ನು ಗಾರ್ಡು, ಅಂದರೆ ವೀಲನ್ನು ಮುಚ್ಚುವ ರಕ್ಷಣೆಯ ಕವಚ. ಕೆಳಗಿನ ಗಾರ್ಡನ್ನು ಬೈಂಡಿಂಗ್ ವೈರಿನಿಂದ ಮೇಲಕ್ಕೆ ಕಟ್ಟಿರುವುದನ್ನು ಕಂಡಾಗ ನನಗೆ ನಿದ್ರೆ ಹತ್ತಲಿಲ್ಲ. 14 ಇಂಚಿನ ವೀಲ್ ನಿಮಿಷಕ್ಕೆ ಸುಮಾರು 3800 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ 70 ಮೀಟರ್ ಓಡುತ್ತದೆ, ಎಂದರೆ ಗಂಟೆಗೆ 250 ಕಿಲೋಮೀಟರ್. ಒಡೆದ ಚೂರು ಹೊರಡುವುದು ಅದೇ ವೇಗದಲ್ಲಿ. ನಾನು ಕೆಲಸ ಕಲಿತ ಅಂಗಡಿಯಲ್ಲಿ ಮಾರ್ಕಿನ ಗೆರೆ ಕಾಣುವುದಿಲ್ಲವೆಂದು ಗಾರ್ಡನ್ನು ಬಿಚ್ಚಿಟ್ಟಿದ್ದರು. ಒಂದು ಮಧ್ಯಾಹ್ನ ವೀಲ್ ಮೂರು ಸೀಳಾಯಿತು. ಒಂದು ಸೀಳು ನನ್ನ ಬಲಗಿವಿಯ ಪಕ್ಕದಲ್ಲಿ ಹಾದು ಮಾಡಿನ ಸಿಮೆಂಟ್ ಶೀಟಿನಲ್ಲಿ ಅಂಗೈಯಗಲದ ತೂತು ಮಾಡಿತು. ಮಳೆಗಾಲದಲ್ಲಿ ಆ ತೂತಿನಿಂದ ನೀರು ಸೋರಿದಾಗಲೆಲ್ಲ ನನ್ನ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಅಂದಿನಿಂದ ವೀಲಿನ ನೇರಕ್ಕೆ ನಾನು ನಿಂತಿಲ್ಲ. ಹಿಡಿಯನ್ನು ಬಲಗೈಯಲ್ಲಿ ಹಿಡಿದು, ದೇಹವನ್ನು ಎಡಕ್ಕೆ ಸರಿಸಿ ನಿಲ್ಲಬೇಕು.

ಹೊಸ ವೀಲ್ ಹಾಕುವಾಗ ಮೊದಲು ಪ್ಲಗ್ ಕೀಳು. ಸ್ವಿಚ್ ಆಫ್ ಮಾಡಿದರೆ ಸಾಲದು. ನಡುವಿನ ಲೋಹದ ಬಳೆಯ ಮೇಲೆ ವೀಲಿನ ಅವಧಿ ಮುಗಿಯುವ ತಿಂಗಳು ಮತ್ತು ವರ್ಷವನ್ನು ಅಚ್ಚು ಹಾಕಿರುತ್ತಾರೆ, ಓದು. ಈ ವೀಲುಗಳ ಕಣಗಳನ್ನು ಹಿಡಿದಿಡುವುದು ರಾಳದ ಅಂಟು, ಅದರ ಬಾಳಿಕೆ ತಯಾರಾದಂದಿನಿಂದ ಮೂರು ವರ್ಷ ಮಾತ್ರ. ನಮ್ಮ ಮಲೆನಾಡಿನ ಥಂಡಿಯಲ್ಲಿ ನೆಲದ ಮೇಲೆ ಗೋಡೆಗೆ ಒರಗಿಸಿಟ್ಟರೆ ಅಷ್ಟೂ ಬಾಳುವುದಿಲ್ಲ, ಡೊಂಕೂ ಆಗುತ್ತದೆ. ಒಣಗಿದ ಕಪಾಟಿನಲ್ಲಿ ಮಟ್ಟಸವಾಗಿ ಮಲಗಿಸಿಡು. ಅಂಗಡಿಯವನು ಹಳೆಯ ಸ್ಟಾಕನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡ. ವೀಲಿನ ಮೇಲೆ ಬರೆದ ಗರಿಷ್ಠ ಸುತ್ತು ಮೆಷಿನ್ನಿನ ಸುತ್ತಿಗಿಂತ ಹೆಚ್ಚಿರಬೇಕು. ಸವೆದು ಚಿಕ್ಕದಾದ 14 ಇಂಚಿನ ವೀಲನ್ನು 9 ಇಂಚಿನ ಕೈ ಗ್ರೈಂಡರಿಗೆ ಹಾಕುವವರಿದ್ದಾರೆ. ಆ ಗ್ರೈಂಡರ್ ನಿಮಿಷಕ್ಕೆ 6500 ಸುತ್ತಿನಷ್ಟು ತಿರುಗುತ್ತದೆ, ವೀಲಿನ ಮೇಲೆ ಬರೆದಿರುವುದು 4300ರ ಆಸುಪಾಸು. ಅಂಥ ಉಳಿತಾಯ ನಮಗೆ ಬೇಡ. ವೀಲ್ ಕೂರಿಸಿದ ಮೇಲೆ ಗಾರ್ಡ್ ಮುಚ್ಚಿ, ಪಕ್ಕಕ್ಕೆ ಸರಿದು, ಒಂದು ನಿಮಿಷ ಖಾಲಿ ಓಡಿಸು. ಅದುರಿದರೆ ಬಿಚ್ಚಿಬಿಡು.

ಆಂಗಲ್, ಅಂದರೆ L ಆಕಾರದ ಕಬ್ಬಿಣದ ಪಟ್ಟಿ, ಕತ್ತರಿಸುವಾಗ ಅದನ್ನು ಹಂಚಿನ ಮಾಡಿನಂತೆ ಬೆನ್ನು ಮೇಲಾಗಿ ಇಟ್ಟರೆ ವೀಲಿಗೆ ಒಂದೇ ಸಲಕ್ಕೆ ಅಗಲವಾದ ಲೋಹ ಸಿಗುವುದಿಲ್ಲ. ಪೂರ್ಣ ವೇಗ ಬಂದ ಮೇಲೆ ಮೆಲ್ಲಗೆ ತಾಗಿಸಿ, ಗೆರೆ ಹಿಡಿದ ನಂತರ ಒಂದೇ ಹದದ ಒತ್ತಡ ಕೊಡು. ಮೆಷಿನ್ನಿನ ಸದ್ದು ಕುಗ್ಗಿತೆಂದರೆ ನೀನು ಹೆಚ್ಚು ಒತ್ತುತ್ತಿದ್ದೀಯೆ, ಇಲ್ಲವೇ ಕರೆಂಟು ಸಾಲುತ್ತಿಲ್ಲ. ಎರಡು ಸಾವಿರ ವಾಟ್ ದಾಟಿದ ಮೆಷಿನ್ನಿಗೆ ಮನೆಯ ಸಣ್ಣ ಎಕ್ಸ್‌ಟೆನ್ಶನ್ ವೈರ್ ಸಾಲದು. 16 ಆಂಪಿಯರ್ ಸಾಕೆಟ್, ದಪ್ಪ ವೈರು, ಅರ್ಥಿಂಗ್ ಮೂರೂ ಬೇಕು. ಆ ವೈರು ಕಿಡಿ ಬೀಳುವ ದಾರಿಯಲ್ಲಿ ಇರಬಾರದು.

ಕಿಡಿಯ ಎದುರಿಗೇ ನೀನು ಥಿನ್ನರ್ ಡಬ್ಬ ಇಟ್ಟಿದ್ದೀಯೆ. ಕಿಡಿ 30 ಅಡಿಯವರೆಗೂ ಹಾರುತ್ತದೆ. ಡಬ್ಬವನ್ನೂ ವೇಸ್ಟ್ ಬಟ್ಟೆಯನ್ನೂ ಇಂದೇ ಹೊರಗೆ ಸಾಗಿಸಿ, ಹಿಂದೆ ಒಂದು ತಗಡನ್ನು ನಿಲ್ಲಿಸು, ಸಂಜೆ ಕೆಲಸ ಮುಗಿಸಿದ ಮೇಲೆ ಅರ್ಧ ಗಂಟೆಯಾದರೂ ಇದ್ದು ನೋಡಿ ಬೀಗ ಹಾಕು.

ಕೊರಳಿನ ಟವೆಲ್ ತೆಗೆ, ಚಪ್ಪಲಿಯ ಬದಲು ಬೂಟು ಹಾಕು. ಪವರ್ ಕನ್ನಡಕ ಕಣ್ಣಿಗೆ ರಕ್ಷಣೆಯಲ್ಲ. ಪಕ್ಕಗಳೂ ಮುಚ್ಚುವ ಗಾಗಲ್ಸ್, ಅದರ ಮೇಲೆ ಫೇಸ್ ಶೀಲ್ಡ್ ಬೇಕು. ಕಣ್ಣಿಗೆ ಕಬ್ಬಿಣದ ಕಣ ಬಿದ್ದರೆ ಕರವಸ್ತ್ರದ ತುದಿಯಿಂದ ತೆಗೆಯಲು ಯಾರಿಗೂ ಕೊಡಬೇಡ. ಒಂದು ದಿನದೊಳಗೆ ಅದರ ಸುತ್ತ ತುಕ್ಕಿನ ಉಂಗುರ ಕಟ್ಟಿಕೊಳ್ಳುತ್ತದೆ, ಆದ್ದರಿಂದ ನೇರವಾಗಿ ಕಣ್ಣಿನ ಡಾಕ್ಟರ ಬಳಿಗೆ ಹೋಗು. ಕಿವಿಗೆ ಪ್ಲಗ್ ಹಾಕಿಕೊ. ನಾನು ಹಾಕಿಕೊಳ್ಳದೆ ಈಗ ಎದುರಿಗೆ ಕೂತವರ ಮಾತನ್ನು ಎರಡು ಸಲ ಕೇಳಿಸಿಕೊಳ್ಳಬೇಕಾಗಿದೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಸ್ಟ್ಯಾಂಡುಗಳನ್ನು ಇಬ್ಬರೂ ಕೂತು ಮಾಡೋಣ. ಗಾರ್ಡಿನ ಸ್ಪ್ರಿಂಗ್ ಮುರಿದಿದ್ದಕ್ಕೇ ನೀನು ವೈರ್ ಕಟ್ಟಿರಬೇಕೆಂದು ನನ್ನ ಅಂದಾಜು. ಮೆಷಿನ್ನಿನ ಮೇಲಿನ ಮಾಡೆಲ್ ನಂಬರಿನ ಫೋಟೊ ಇವತ್ತೇ ಕಳುಹಿಸು, ಬರುವಾಗ ಸ್ಪ್ರಿಂಗ್ ತರುತ್ತೇನೆ. ಅಲ್ಲಿಯವರೆಗೆ ಆ ಮೆಷಿನ್ ಓಡಿಸಬೇಡ. ಗೇಟಿನವರಿಗೆ ನಾಲ್ಕು ದಿನ ತಡವಾಗುತ್ತದೆಂದು ನಾನೇ ಫೋನ್ ಮಾಡಿ ಹೇಳುತ್ತೇನೆ.