ಕಪ್ಪು ಉಗುರಿನ ನಾಯಿಗೆ ಮನೆಯಲ್ಲೇ ಉಗುರು ಕತ್ತರಿಸುವುದು ಹೇಗೆ?

ಪ್ರಶ್ನೆ (ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ವರ್ಷದ ಮುಧೋಳ ತಳಿಯ ಗಂಡು ನಾಯಿಯಿದೆ. ಬಾಗಲಕೋಟೆ ಜಿಲ್ಲೆಯ ನಮ್ಮ ಸಂಬಂಧಿಕರ ತೋಟದಲ್ಲಿ ಇರುವಷ್ಟು ಕಾಲ ಅದು ಗರಸು ನೆಲದ ಮೇಲೆ ಓಡಾಡಿ ಉಗುರನ್ನು ತಾನೇ ಸವೆಸಿಕೊಳ್ಳುತ್ತಿತ್ತು. ಫ್ಲ್ಯಾಟಿಗೆ ಬಂದ ಮೇಲೆ ಉಗುರು ಬೆಳೆದು, ಟೈಲ್ಸ್ ಮೇಲೆ ನಡೆಯುವಾಗ ಟಕಟಕ ಸದ್ದು ಕೇಳಿಸುತ್ತದೆ. ಓಡಿ ಬಂದು ತಿರುಗುವಾಗ ಕಾಲು ಜಾರುತ್ತದೆ. ಒಂದು ಅಂಗಡಿಯಲ್ಲಿ ಕತ್ತರಿಸಲು ಕೊಟ್ಟಾಗ ರಕ್ತ ಬಂದಿತು. ಅಂದಿನಿಂದ ಪಾದ ಮುಟ್ಟಿದರೆ ಸಾಕು, ಕಾಲನ್ನು ಎಳೆದುಕೊಂಡು ದೂರ ಸರಿಯುತ್ತದೆ.

ಉಗುರುಗಳೆಲ್ಲ ಕಡುಗಪ್ಪಾಗಿರುವುದರಿಂದ ಒಳಗಿನ ರಕ್ತನಾಳ ಎಲ್ಲಿಯವರೆಗೆ ಇದೆಯೆಂದು ಕಾಣುವುದಿಲ್ಲ. ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ತಿಳಿಯುವ ಬಗೆ ಯಾವುದು? ಮುಟ್ಟಲೂ ಬಿಡದ ನಾಯಿಯನ್ನು ಇದಕ್ಕೆ ಒಪ್ಪಿಸುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಮೈಸೂರಿನಿಂದ)

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಉಗುರಿನ ಕತ್ತರಿಸಿದ ಮೈಯಲ್ಲೇ ಸಿಗುತ್ತದೆ. ಉಗುರಿನ ಒಳಗೆ ರಕ್ತನಾಳವೂ ನರವೂ ಇರುವ ಜೀವಂತ ಭಾಗವೊಂದಿದೆ. ನಾಯಿ ಸಾಕುವವರು ಅದನ್ನು ‘ಕ್ವಿಕ್’ ಎನ್ನುತ್ತಾರೆ. ಬಿಳಿ ಉಗುರಿನಲ್ಲಿ ಅದು ನಸುಗೆಂಪಾಗಿ ಹೊರಗಿನಿಂದಲೇ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಕಾಣದ ಕಾರಣ ತುದಿಯಿಂದ ಒಂದೊಂದು ಮಿಲಿಮೀಟರಿನಷ್ಟು ತೆಳುವಾಗಿ ಕತ್ತರಿಸುತ್ತ, ಪ್ರತಿ ಸಲವೂ ಕತ್ತರಿಸಿದ ಮೈಯನ್ನು ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಮೊದಲು ಅದು ಒಣಗಿದಂತೆ, ಪುಡಿಪುಡಿಯಾಗಿ, ಬೂದು ಬಿಳುಪಾಗಿ ಇರುತ್ತದೆ. ಕ್ವಿಕ್ ಹತ್ತಿರವಾದಂತೆ ನಡುವೆ ಹೊಳಪುಳ್ಳ, ತುಸು ತೇವವಾದ ಒಂದು ಗಾಢ ಚುಕ್ಕೆ ಕಾಣಿಸತೊಡಗುತ್ತದೆ. ಆ ಚುಕ್ಕೆ ಕಂಡ ಕೂಡಲೇ ಅಂದಿನ ಮಟ್ಟಿಗೆ ಆ ಉಗುರಿನ ಕೆಲಸ ಮುಗಿಯಿತೆಂದು ತಿಳಿಯಿರಿ.

ಇಲ್ಲಿ ಬಹಳ ಜನರಿಗೆ ತಿಳಿಯದ ಸಂಗತಿಯೊಂದಿದೆ. ಉಗುರು ಉದ್ದ ಬೆಳೆದಂತೆ ಕ್ವಿಕ್ ಕೂಡ ಮುಂದಕ್ಕೆ ಬೆಳೆದಿರುತ್ತದೆ. ಹಾಗಾಗಿ ಬಹುದಿನ ಬಿಟ್ಟ ಉಗುರನ್ನು ಒಂದೇ ದಿನದಲ್ಲಿ ಗಿಡ್ಡ ಮಾಡಲು ಸಾಧ್ಯವಿಲ್ಲ. ವಾರಕ್ಕೊಮ್ಮೆ ತುದಿಯನ್ನಷ್ಟೇ ತೆಗೆಯುತ್ತ ಬಂದರೆ ಅದು ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ, ಕೆಲವು ತಿಂಗಳಲ್ಲಿ ಉಗುರು ಸರಿಯಾದ ಅಳತೆಗೆ ಬರುತ್ತದೆ. ನಾಯಿ ನೇರವಾಗಿ ನಿಂತಾಗ ಉಗುರು ನೆಲಕ್ಕೆ ತಾಗದಿರುವುದೇ ಆ ಅಳತೆ. ಬರೀ ಸದ್ದಿನ ತೊಂದರೆಯೆಂದು ಇದನ್ನು ಬಿಡಬೇಡಿ. ಉದ್ದನೆಯ ಉಗುರು ನೆಲಕ್ಕೆ ಒತ್ತಿದಾಗ ಬೆರಳು ಹಿಂದಕ್ಕೆ ಬಾಗುತ್ತದೆ, ನಾಯಿ ನಿಲ್ಲುವ ರೀತಿಯೇ ಬದಲಾಗುತ್ತದೆ. ಓಡಲೆಂದೇ ಹುಟ್ಟಿದ ಮುಧೋಳದಂಥ ತಳಿಗೆ ಅದು ಸಣ್ಣ ಮಾತಲ್ಲ.

ಸಲಕರಣೆಯ ವಿಷಯದಲ್ಲಿ, ಕತ್ತರಿಯಂತೆ ಎರಡು ಅಲಗುಗಳಿರುವ ಕ್ಲಿಪ್ಪರ್ ದೊಡ್ಡ ನಾಯಿಗೆ ಅನುಕೂಲ. ನಾವು ಬಳಸುವ ನೇಲ್ ಕಟರ್ ನಾಯಿಯ ದುಂಡನೆಯ ಉಗುರನ್ನು ಜಜ್ಜುತ್ತದೆ; ಅಲಗು ಮೊಂಡಾದ ಕ್ಲಿಪ್ಪರ್ ಕೂಡ ಅದನ್ನೇ ಮಾಡುತ್ತದೆ.

ಉತ್ತರ 2 (ಶಿವಮೊಗ್ಗದಿಂದ)

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮ ನಾಯಿ ಈಗ ಇರುವ ಸ್ಥಿತಿಯಲ್ಲಿ ಮೊದಲ ಕೆಲವು ವಾರ ಕ್ಲಿಪ್ಪರನ್ನು ಉಗುರಿಗೆ ಹಾಕಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಇಬ್ಬರು ಮೂವರು ಸೇರಿ ಒತ್ತಿ ಹಿಡಿದು ಕತ್ತರಿಸುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ಅದರಿಂದ ಅಂದಿನ ಕೆಲಸ ಆಗಬಹುದು, ಮುಂದಿನ ಸಲ ನಾಯಿ ಇನ್ನಷ್ಟು ಹೆದರುತ್ತದೆ, ಕಡೆಗೆ ಕಚ್ಚುವುದನ್ನೂ ಕಲಿಯುತ್ತದೆ.

ನಾಯಿ ಆರಾಮವಾಗಿ ಮಲಗಿರುವಾಗ ಹೆಗಲಿನಿಂದ ಆರಂಭಿಸಿ ಕೈಯನ್ನು ಮೆಲ್ಲನೆ ಕೆಳಗೆ ಸವರುತ್ತ ಬನ್ನಿ. ಕಾಲು ಎಳೆದುಕೊಳ್ಳುವ ಮೊದಲೇ ಕೈ ತೆಗೆದು, ಬೇಯಿಸಿದ ಕೋಳಿಯ ಅಥವಾ ಪನೀರಿನ ಒಂದು ಚೂರು ಕೊಡಿ. ಪಾದ ಮುಟ್ಟಲು ಬಿಟ್ಟ ಮೇಲೆ ಒಂದು ಬೆರಳನ್ನು ಹಿಡಿಯಿರಿ; ಅದಕ್ಕೂ ಒಪ್ಪಿದ ಮೇಲೆ ಕ್ಲಿಪ್ಪರನ್ನು ತೋರಿಸಿ, ಅದರ ಸದ್ದು ಕೇಳಿಸಿ, ಪ್ರತಿ ಹೆಜ್ಜೆಗೂ ತಿನಿಸು ಕೊಡಿ. ಮೊದಲ ದಿನ ಒಂದೇ ಉಗುರು ಕತ್ತರಿಸಿದರೂ ಸಾಕು. ತುಟಿ ನೆಕ್ಕಿಕೊಳ್ಳುವುದು, ಕಾರಣವಿಲ್ಲದೆ ಆಕಳಿಸುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಮೈ ಬಿಗಿಹಿಡಿದು ಅಲುಗಾಡದೆ ನಿಲ್ಲುವುದು, ಇವೆಲ್ಲ ಭಯದ ಗುರುತುಗಳು. ಸುಮ್ಮನೆ ನಿಂತಿದೆ ಎಂದರೆ ಒಪ್ಪಿದೆ ಎಂದಲ್ಲ.

ಮರದ ಹಲಗೆಗೆ ಉಪ್ಪುಕಾಗದ ಅಂಟಿಸಿ, ಮುಂಗಾಲಿನಿಂದ ಅದನ್ನು ಕೆರೆಯಲು ಕಲಿಸುವ ಉಪಾಯವೂ ಇದೆ. ಕ್ಲಿಪ್ಪರ್ ಕಂಡರೆ ನಡುಗುವ ನಾಯಿಗಳು ಇದನ್ನು ಆಟದಂತೆ ಸ್ವೀಕರಿಸುತ್ತವೆ.

ಉತ್ತರ 3 (ನಿವೃತ್ತ ಪಶುವೈದ್ಯ, ಧಾರವಾಡದಿಂದ)

ರಕ್ತ ಬಂದಾಗ ಮಾಡಬೇಕಾದುದನ್ನು ಯಾರೂ ಹೇಳದ ಕಾರಣ ಬರೆಯುತ್ತಿದ್ದೇನೆ. ಕೆಲಸ ಶುರು ಮಾಡುವ ಮೊದಲೇ ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪುಡಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಕ್ಷೌರದಂಗಡಿಯಲ್ಲಿ ಬಳಸುವ ಪಟಿಕದ ಪುಡಿ ಅಥವಾ ಅಡುಗೆಮನೆಯ ಕಾರ್ನ್‌ಫ್ಲೋರ್ ಆಗಬಹುದು. ಉಗುರಿನ ತುದಿಗೆ ಒತ್ತಿ, ನಡುನಡುವೆ ತೆಗೆದು ನೋಡದೆ ಕೆಲವು ನಿಮಿಷ ಹಾಗೆಯೇ ಹಿಡಿಯಬೇಕು. ಕಾಲು ಗಂಟೆಗೂ ಮೀರಿ ರಕ್ತ ನಿಲ್ಲದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ನಮ್ಮ ಕಡೆ ಉಣುಗಿನಿಂದ ಹರಡುವ ಟಿಕ್ ಫೀವರ್ ಸಾಮಾನ್ಯ. ಅದರಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗುವುದರಿಂದ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲದೇ ಹೋಗಬಹುದು. ನಾಯಿ ಮಂಕಾಗಿದ್ದು ಊಟ ಬಿಟ್ಟಿದ್ದರೆ ಉಗುರಿನ ಕೆಲಸವನ್ನು ಮುಂದೂಡಿ, ಮೊದಲು ರಕ್ತಪರೀಕ್ಷೆ ಮಾಡಿಸಿ. ಹೇಗೂ ಪಾದ ಕೈಯಲ್ಲಿರುತ್ತದೆ, ಬೆರಳುಗಳ ಸಂದಿಯಲ್ಲಿ ಉಣುಗು ಇದೆಯೇ ಎಂದು ನೋಡಿಬಿಡಿ.

ಮುಂಗಾಲಿನ ಒಳಬದಿಯಲ್ಲಿ, ನೆಲಕ್ಕೆ ತಾಗದಷ್ಟು ಮೇಲಿರುವ ಹೆಬ್ಬೆರಳಿನ ಉಗುರನ್ನು ಮರೆಯಬೇಡಿ. ಎಷ್ಟು ನಡೆಸಿದರೂ ಅದು ಸವೆಯುವುದಿಲ್ಲ. ಬಿಟ್ಟರೆ ದುಂಡಗೆ ಸುತ್ತಿ ಬೆಳೆದು ಚರ್ಮದೊಳಗೇ ನಾಟಿಕೊಳ್ಳುತ್ತದೆ, ಕೀವು ತುಂಬುತ್ತದೆ. ಇಂಥ ನಾಯಿಗಳಿಗೆ ನಾನು ಎಷ್ಟೋ ಸಲ ಚಿಕಿತ್ಸೆ ಮಾಡಿದ್ದೇನೆ. ಪ್ರತಿಯೊಂದೂ ತಪ್ಪಿಸಬಹುದಾಗಿದ್ದ ನೋವು.

ನಾಯಿಯನ್ನು ಸುಮ್ಮನಾಗಿಸಲೆಂದು ಮನುಷ್ಯರ ನಿದ್ರೆಮಾತ್ರೆಯನ್ನಾಗಲಿ ನೋವಿನ ಮಾತ್ರೆಯನ್ನಾಗಲಿ ಕೊಡಲೇಬಾರದು. ಅಗತ್ಯವಿದ್ದರೆ ನಾಯಿಯ ತೂಕ ನೋಡಿ ವೈದ್ಯರೇ ಔಷಧ ಬರೆದುಕೊಡುತ್ತಾರೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ವೈದ್ಯರ ಮಾತು ಓದಿದ ಕೂಡಲೇ ಹೆಬ್ಬೆರಳಿನ ಉಗುರು ನೋಡಿದೆ; ಬಾಗಿದೆ, ಆದರೆ ಚರ್ಮಕ್ಕೆ ತಾಗಿಲ್ಲ. ಇನ್ನೊಂದು ಸಂದೇಹ: ಉಪ್ಪುಕಾಗದದ ಹಲಗೆಯೊಂದೇ ಸಾಕಾಗುತ್ತದೆಯೇ?

ಉತ್ತರ 2 ಬರೆದವರು

ಸಾಕಾಗುವುದಿಲ್ಲ. ಹಲಗೆ ಮುಂಗಾಲಿನ ನಡುವಿನ ಉಗುರುಗಳನ್ನು ಚೆನ್ನಾಗಿ ಸವೆಸುತ್ತದೆ, ಅಂಚಿನವು ಅಷ್ಟಾಗಿ ಸವೆಯುವುದಿಲ್ಲ, ಹೆಬ್ಬೆರಳಿಗಂತೂ ಅದು ಮುಟ್ಟುವುದೇ ಇಲ್ಲ. ಹಿಂಗಾಲಿನ ಉಗುರು ಸಾಮಾನ್ಯವಾಗಿ ನಡಿಗೆಯಲ್ಲೇ ಸಾಕಷ್ಟು ಸವೆಯುವುದರಿಂದ ಅದಕ್ಕೆ ಆತುರವಿಲ್ಲ. ಆದ್ದರಿಂದ ಕ್ಲಿಪ್ಪರಿನ ಅಭ್ಯಾಸ ಮಾಡಿಸುವಾಗ ಆ ಹೆಬ್ಬೆರಳಿನ ಉಗುರಿನಿಂದಲೇ ಪ್ರಾರಂಭಿಸಿ, ಉಳಿದವನ್ನು ಸದ್ಯಕ್ಕೆ ಹಲಗೆಗೆ ಬಿಡಿ.